ಮಹಾದೇವಿಯ ಖಣ ಮತ್ತು ನನ್ನ ಡೆಡ್‌ಲೈನುಗಳು

ಕೆಲಸ ಮುಗಿಸುವುದು ಹೇಗೆಂದು ನನ್ನನ್ನು ಕೇಳಬೇಡಿ. ಕೆಲಸಕ್ಕೆ ತಾರೀಖು ಗೊತ್ತು ಮಾಡುವುದು ಹೇಗೆಂದು ಕೇಳಿ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವ ಟೇಲರ್ ಮುಂಬಯಿಯ ಘಾಟ್ಕೋಪರ್ ಈಸ್ಟಿನಲ್ಲಿ ಇನ್ನೂ ಅಂಗಡಿ ತೆರೆದಿಲ್ಲ.

ನನ್ನ ಹೆಸರು ಶರಣ. ಬಾಗಲಕೋಟೆ ಕಡೆಯವನು. ಇಪ್ಪತ್ತೈದು ವರ್ಷದಿಂದ ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಧಂದೆಯಲ್ಲಿ ಸುಳ್ಳು ಎರಡೂ ಕಡೆಯಿಂದ ನಡೆಯುತ್ತದೆ. ಮದುವೆ ಇಪ್ಪತ್ತಕ್ಕೆ ಇದ್ದರೆ ಗಿರಾಕಿ ಹದಿನಾರಕ್ಕೆ ಎನ್ನುತ್ತಾಳೆ. ಅವಳು ನಾಲ್ಕು ದಿನ ಹಿಂದೆ ಎಳೆದಿದ್ದಾಳೆಂದು ಗೊತ್ತಿದ್ದೂ ನಾನು ಹದಿನೈದಕ್ಕೇ ಕೊಡುತ್ತೇನೆ ಎನ್ನುತ್ತೇನೆ. ನಾನು ಕೊಡುವುದಿಲ್ಲವೆಂದು ಅವಳಿಗೂ ಗೊತ್ತು. ಕೊನೆಗೆ ಹತ್ತೊಂಬತ್ತರ ಸಂಜೆ ಅವಳು ಅಂಗಡಿಯ ಮುಂದೆ ನಿಂತು ಕೂಗಾಡುತ್ತಿರುವಾಗ ನಾನು ಹುಕ್ ಹಚ್ಚುತ್ತಿರುತ್ತೇನೆ. ಚುರುಕಾಗಿರಲೆಂದು ಅಂಗಡಿಯ ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದೆ ಇಟ್ಟಿದ್ದೇನೆ. ಇಪ್ಪತ್ತು ಕಳೆದು ನೋಡುವುದರಲ್ಲಿ ನಿಜಕ್ಕೂ ಬಹಳ ಚುರುಕಾಗಿದ್ದೇನೆ.

ಹೀಗೆ ಸುಖವಾಗಿದ್ದವನನ್ನು ಉದ್ಧಾರ ಮಾಡಲು ಬಂದವಳು ಯಕ್ಷಿತಾ. ಅವಳ ಅಪ್ಪನದು ಉಡುಪಿ ಹೋಟೆಲ್. ಅವಳು ಪವಾಯಿಯ ಒಂದು ಆಫೀಸಿನಲ್ಲಿ, ಕೆಲಸ ಮಾಡುವುದು ಹೇಗೆಂದು ಕೆಲಸದಲ್ಲಿರುವವರಿಗೇ ಪಾಠ ಹೇಳುತ್ತಾಳೆ. ಅದಕ್ಕೂ ಪಗಾರ ಕೊಡುವವರಿದ್ದಾರೆಂದು ತಿಳಿದ ದಿನ ನನಗೆ ಮುಂಬಯಿಯ ಮೇಲಿನ ಗೌರವ ಹೆಚ್ಚಾಯಿತು.

“ಅಂಕಲ್, ನೀವು ಗಿರಾಕಿಗೆ ಡೇಟ್ ಕೊಡ್ತೀರಿ, ಖುದ್ ಕೋ ನಹೀ ದೇತೇ” ಎಂದಳು, ಮೂರನೇ ಸಲ ಬ್ಲೌಸಿಗಾಗಿ ಬಂದು ಬರಿಗೈಯಲ್ಲಿ ನಿಂತಾಗ. “ನಿಮ್ಗೆ ನೀವೇ ಕೊಟ್ಕೊಳ್ಳೋ ಪರ್ಸನಲ್ ಡೆಡ್‌ಲೈನ್ ಬೇಕು. ಬೋರ್ಡ್ ಮೇಲೆ ಬರೀರಿ, ಸಬ್ಕೋ ದಿಖನಾ ಚಾಹಿಯೇ. ಎಲ್ರೂ ನೋಡಿದ್ರೆ ನಾಚಿಕೆ ಆಗ್ತದಲ್ಲ, ಆಗ ಕೆಲಸ ಆಗ್ತದೆ.”

ಇಪ್ಪತ್ತೈದು ವರ್ಷ ಹಳೆಯ ಟೇಲರನಲ್ಲಿ ನಾಚಿಕೆ ಎಷ್ಟು ಉಳಿದಿರುತ್ತದೆಂದು ಆ ಹುಡುಗಿಗೆ ಯಾರೂ ಪಾಠ ಹೇಳಿರಲಿಲ್ಲ. ಆದರೂ ನಾನು ಬಿಳಿ ಬೋರ್ಡ್ ತಂದೆ, ಮೂರು ಬಣ್ಣದ ಮಾರ್ಕರ್ ತಂದೆ. ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೂತು ಇಡೀ ವಾರದ ಡೆಡ್‌ಲೈನುಗಳನ್ನು ಬರೆಯತೊಡಗಿದೆ. ಆ ಎರಡು ಗಂಟೆಯಲ್ಲಿ ಒಂದು ಬ್ಲೌಸಿನ ಕಟಿಂಗ್ ಮುಗಿಯುತ್ತಿತ್ತು ಎಂದು ಲೆಕ್ಕ ಹಾಕುವುದು ಸಣ್ಣ ಬುದ್ಧಿಯವರ ಕೆಲಸ. ಮೊಬೈಲಿನಲ್ಲಿ ಅಲಾರಂ ಕೂಡ ಇಟ್ಟೆ. ಅದು ಹೊಡೆದುಕೊಂಡಾಗ ಬಂದ್ ಮಾಡಿದರೆ ಅರ್ಧ ಕೆಲಸ ಆದಷ್ಟು ಸಮಾಧಾನವಾಗುತ್ತಿತ್ತು.

ಸ್ಟೇಷನ್ನಿನ ಆಚೆ, ವೆಸ್ಟಿನಲ್ಲಿ ದೇವಾನಂದ ಎಂಬ ಇನ್ನೊಬ್ಬ ಟೇಲರ್ ಇದ್ದಾನೆ. ಬೋರ್ಡಿಲ್ಲ, ಅಲಾರಂ ಇಲ್ಲ, ಏನೂ ಇಲ್ಲ. ವಾರಕ್ಕೆ ಆರೇ ಬ್ಲೌಸ್ ತೆಗೆದುಕೊಳ್ಳುತ್ತಾನಂತೆ. ಏಳನೆಯವಳು ಅತ್ತು ಕರೆದರೂ ಆಗುವುದಿಲ್ಲ ಎನ್ನುತ್ತಾನಂತೆ. ಬಂದ ಗಿರಾಕಿಯನ್ನು ಬಾಗಿಲಿಂದಲೇ ವಾಪಸ್ ಕಳಿಸುವಂಥ ಸೊಕ್ಕು ನನಗಿಲ್ಲ. ನಾನು ಎಲ್ಲರ ಬಟ್ಟೆಯನ್ನೂ ತೆಗೆದುಕೊಳ್ಳುತ್ತೇನೆ. ಕಪಾಟು ತುಂಬಿರುವುದನ್ನು ನೀವೇ ಬಂದು ನೋಡಬಹುದು.

ಆ ಕಪಾಟಿನಲ್ಲಿ ನನ್ನ ಹೆಂಡತಿ ಮಹಾದೇವಿಯ ಬಟ್ಟೆಯೂ ಇತ್ತು. ಅವಳು ಸಯನ್‌ನಲ್ಲಿ ಎರಡು ಮನೆಗಳ ಅಡುಗೆ ಮಾಡುತ್ತಾಳೆ. ನಾಲ್ಕು ವರ್ಷ ರಾತ್ರಿ ಶಾಲೆಗೆ ಹೋಗಿ, ಈ ಸಲ ನಲವತ್ಮೂರನೆಯ ವಯಸ್ಸಿಗೆ ಹತ್ತನೇ ಇಯತ್ತೆ ಪಾಸಾದಳು. ಓದಿದ್ದೆಲ್ಲ ಲೋಕಲ್ ಟ್ರೇನಿನಲ್ಲಿ. ಘಾಟ್ಕೋಪರಿನಲ್ಲಿ ಹತ್ತಿದರೆ ವಿದ್ಯಾವಿಹಾರ ಬರುವುದರೊಳಗೆ ಒಂದು ಪುಟ, ಕುರ್ಲಾ ಬರುವುದರೊಳಗೆ ಇನ್ನೊಂದು. ಕುರ್ಲಾದಲ್ಲಿ ಜನ ನುಗ್ಗಿದ ಮೇಲೆ ಪುಸ್ತಕ ಹಿಡಿಯಲು ಜಾಗವಿರುವುದಿಲ್ಲ. ಅಲ್ಲಿಂದ ಸಯನ್‌ವರೆಗೆ ಕಣ್ಣು ಮುಚ್ಚಿ, ಓದಿದ್ದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುವುದು. ಬೋರ್ಡಿಲ್ಲದೆ, ಬಣ್ಣವಿಲ್ಲದೆ ಇಂಥ ಹಳೇ ಪದ್ಧತಿಯಲ್ಲಿ ಪಾಸಾಗುತ್ತಾಳೆಂದು ನಾನು ಭಾವಿಸಿರಲಿಲ್ಲ.

ಸಯನ್‌ನ ಕನ್ನಡ ಸಂಘದವರು ಜುಲೈ ಹತ್ತೊಂಬತ್ತರ ಭಾನುವಾರ ಅವಳಿಗೆ ಸನ್ಮಾನ ಇಟ್ಟುಕೊಂಡರು. ಆ ದಿನ ಉಡಲು ಇಳಕಲ್ ಸೀರೆ ತೆಗೆದಿಟ್ಟಳು. ಅದಕ್ಕೆ ಜೋಡಿಯಾಗಿ ತೊಡಲು, ತೀರಿಹೋದ ಅವಳ ಅವ್ವ ಕೊಟ್ಟಿದ್ದ ಗುಳೇದಗುಡ್ಡದ ಖಣದ ಬ್ಲೌಸ್ ಬಟ್ಟೆಯನ್ನು ಟ್ರಂಕಿನಿಂದ ತೆಗೆದು ನನ್ನ ಮುಂದಿಟ್ಟಳು.

“ಇದನ್ನ ನೀವ ಹೊಲೀಬೇಕ್ರಿ. ಹದಿನೆಂಟರೊಳಗ ಆಗಬೇಕು.”

“ಹದಿನೆಂಟ್ಯಾಕ? ಐದಕ್ಕ ಕೊಡ್ತೀನಿ ತಗೋ.”

ಮದುವೆಯಾದ ಹೊಸದರಲ್ಲಿ ಅವಳಿಗೊಂದು ಬ್ಲೌಸ್ ಹೊಲಿದುಕೊಟ್ಟಿದ್ದೆ. ಅದಾದ ಮೇಲೆ ಇಪ್ಪತ್ತೆರಡು ವರ್ಷದಿಂದ ಅವಳು ರೆಡಿಮೇಡ್ ತೊಡುತ್ತಾಳೆ. ಟೇಲರನ ಹೆಂಡತಿಯಲ್ಲವೇ, ಅಷ್ಟು ಅನುಕೂಲ ಇದ್ದೇ ಇರುತ್ತದೆ. ಈ ಸಲ ಹಾಗಾಗಬಾರದೆಂದು ಬೋರ್ಡಿನ ಮೇಲ್ತುದಿಯಲ್ಲಿ, ಕೆಂಪು ಬಣ್ಣದಲ್ಲಿ ಬರೆದೆ: ಮನೆ, ಖಣ, ೫.

ಐದನೇ ತಾರೀಖು ಯಾರೋ ಕೂಗಾಡಿದರು, ಅವರದು ಹೊಲಿದೆ. ಖಣವನ್ನು ಒಂಬತ್ತಕ್ಕೆ ಹಾಕಿದೆ. ಒಂಬತ್ತರಂದು ಇನ್ಯಾರೋ ಕೂಗಾಡಿದರು. ಹದಿಮೂರಕ್ಕೆ ಹಾಕಿದೆ, ಆಮೇಲೆ ಹದಿನೆಂಟಕ್ಕೆ. ಪ್ರತಿ ಸಲ ಅಕ್ಷರ ಹಿಂದಿನದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಮಹಾದೇವಿ ದಿನಾ ಮಧ್ಯಾಹ್ನ ನನ್ನ ಊಟದ ಡಬ್ಬಿ ಇಟ್ಟು, ಬೋರ್ಡ್ ನೋಡಿ, ಹೋಗುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಇಂಥ ಒಳ್ಳೆಯ ಗಿರಾಕಿ ಯಾರಿಗೆ ಸಿಗುತ್ತಾರೆ ಎಂದುಕೊಂಡೆ. ನನ್ನ ಮೇಲೆ ಅವಳಿಗಿರುವ ವಿಶ್ವಾಸ ಅದು ಎಂದೂ ತಿಳಿದುಕೊಂಡೆ.

ಹದಿನೆಂಟರ ಶನಿವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿದೆ. ಹೊರಗೆ ಬಂದವರನ್ನೆಲ್ಲ “ಇಂದು ಮನೆಯ ಕೆಲಸ” ಎಂದು ಗತ್ತಿನಲ್ಲಿ ವಾಪಸ್ ಕಳಿಸಿದೆ. ಮಷೀನಿಗೆ ಎಣ್ಣೆ ಬಿಟ್ಟೆ, ಸೂಜಿ ಬದಲಿಸಿದೆ, ಕತ್ತರಿ ಒರೆಸಿದೆ. ಕಪಾಟು ತೆರೆದು ಖಣಕ್ಕೆ ಕೈಹಾಕಿದರೆ ಅಲ್ಲಿ ಖಣವಿಲ್ಲ.

ಅರ್ಧ ತಾಸು ಹುಡುಕಿದೆ. ಬೇರೆಯವರ ಎಪ್ಪತ್ತು ಬಟ್ಟೆ ನೆಲಕ್ಕೆ ಬಿದ್ದವು. ಯಾರದೋ ಚೀಲದೊಳಗೆ ಸೇರಿಸಿ ಕೊಟ್ಟುಬಿಟ್ಟೆನೇ ಎಂದು ಉಳಿದ ಚೀಲಗಳನ್ನೆಲ್ಲ ಬಿಚ್ಚಿ ನೋಡಿದೆ. ಅವಳ ಅವ್ವನ ಖಣ, ಅಂಥದ್ದು ಇನ್ನೊಂದಿಲ್ಲ. ಅಷ್ಟರಲ್ಲಿ ಮಹಾದೇವಿ ಶಟರ್ ಕೆಳಗಿಂದ ಬಗ್ಗಿ ಒಳಗೆ ಬಂದಳು.

“ಏನ್ ಹುಡುಕಾಕತ್ತೀರಿ?”

“ನಿನ್ನ ಖಣ...”

“ಅದು ಇಲ್ಲಿಲ್ರಿ. ದೇವಾನಂದನ ಕಡೆ ಕೊಟ್ಟೆ. ಈ ವಾರದ್ದು ಆರನೇದು ನಂದ. ಶುಕ್ರವಾರ ಕೊಡ್ತೀನಿ ಅಂದಿದ್ದ, ನಿನ್ನೆ ಕೊಟ್ಟ.”

“ಯಾವಾಗ ಒಯ್ದಿ?”

“ಹನ್ನೊಂದಕ್ಕ. ಹತ್ತನೇ ತಾರೀಖು ನಂದೂ ಒಂದು ಡೆಡ್‌ಲೈನ್ ಇತ್ರಿ. ಅಷ್ಟರೊಳಗ ನೀವು ಕತ್ತರಿ ಹಚ್ಚಿದ್ರ ನಿಮ್ಮ ಕಡೆ, ಇಲ್ಲಂದ್ರ ಬ್ಯಾರೆಯವರ ಕಡೆ ಅಂತ.”

“ಹಂಗಂತ ನನಗ ಹೇಳಬಾರದ?”

“ಹೇಳಿದ್ರ ಬೋರ್ಡಿನ ಮ್ಯಾಲೆ ಬರೀತಿದ್ರಿ.”

ಬಿದ್ದ ಬಟ್ಟೆ ಮಡಚುತ್ತ, ಅಳತೆಗೆ ಏನು ಕೊಟ್ಟೆ ಎಂದು ಕೇಳಿದೆ.

“ಮದುವಿಯಾದಾಗ ನೀವು ಹೊಲಿದಿದ್ರಲ್ಲ, ಅದನ್ನ. ಎರಡು ಸಲ ಹೊಲಿಗಿ ಬಿಚ್ಚಿ ಸಡಲ ಮಾಡಿಕೊಂಡೀನಿ, ಇನ್ನೂ ಮೈಗೆ ಬರತೈತಿ. ಅಂವ ಅದನ್ನ ತಿರುಗಿಸಿ ತಿರುಗಿಸಿ ನೋಡಿದ. ಯಾರ ಹೊಲಿಗಿ ಇದು ಬಾಯಾರ, ಇಪ್ಪತ್ತು ವರ್ಷ ಮುಂದಿಂದು ವಿಚಾರ ಮಾಡಿ ಒಳಗ ಬಟ್ಟಿ ಬಿಟ್ಟಾನಲ್ಲ ಅಂದ.”

“ನನ್ನ ಗಂಡಂದು ಅಂತ ಹೇಳಿದಿ?”

“ಇಲ್ಲ. ಹಂಗಾದ್ರ ಇದನ್ನ ಯಾಕ ಇಲ್ಲಿಗೆ ತಂದಿ ಅಂತ ಕೇಳ್ತಿದ್ದ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಯಕ್ಷಿತಾ ಹೇಳಿದ್ದ ನಾಚಿಕೆ ಇದೇ ಇರಬೇಕು. ಬರುವುದು ಸ್ವಲ್ಪ ತಡವಾಯಿತು.

ಭಾನುವಾರ ಸಂಘದ ಸಭಾಗೃಹದಲ್ಲಿ ಮೂರನೇ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ನಮ್ಮ ಬಿಲ್ಡಿಂಗಿನ ರುಕ್ಮಿಣಿಬಾಯಿ. ಅವರ ಬ್ಲೌಸ್ ಜೂನ್‌ನಿಂದ ನನ್ನ ಬೋರ್ಡಿನ ಮೇಲಿದೆ, ಹಸಿರು ಬಣ್ಣದಲ್ಲಿ. ಅಧ್ಯಕ್ಷ ಸಿದ್ದಲಿಂಗಪ್ಪನವರು ಎಲ್ಲರಿಗೂ ಎರಡೇ ನಿಮಿಷ ಎಂದು ಹೇಳಿ, ತಾವು ಮುಕ್ಕಾಲು ತಾಸು ಮಾತಾಡಿದರು. ಮಹಾದೇವಿಗೆ ಶಾಲು ಹೊದಿಸಿದರು. ಶಾಲು ಬ್ಲೌಸನ್ನು ಪೂರ್ತಿ ಮುಚ್ಚಿತು, ನನಗೆ ಒಂದಿಷ್ಟು ನೆಮ್ಮದಿಯಾಯಿತು. ಆದರೆ ಅವಳು ಅದನ್ನು ತೆಗೆದು, ಮಡಚಿ, ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ನಿಂತಳು. ವಿದ್ಯಾವಿಹಾರದ ಪುಟ, ಕುರ್ಲಾದ ಪುಟ ಎಲ್ಲ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಎರಡು ನಿಮಿಷಕ್ಕೆ ಮುಗಿಸಿದವಳು ಅವಳೊಬ್ಬಳೇ.

ನಾನು ಅಷ್ಟು ಹೊತ್ತೂ ತೋಳಿನ ಹತ್ತಿರ ಎಲ್ಲಾದರೂ ಸುಕ್ಕು ಬಿದ್ದಿದೆಯೇ ಎಂದು ನೋಡುತ್ತಿದ್ದೆ. ಬಿದ್ದಿರಲಿಲ್ಲ. ತಿರುಗಿ ಹೋಗುವಾಗ ಬೆನ್ನು ನೋಡಿದೆ. ಖಣದ ಗೆರೆಗೆ ಗೆರೆ ಕೂಡಿತ್ತು.

“ಮಾಸ್ತರ, ಎಷ್ಟು ಛಂದ ಹೊಲಿದೀರಿ!” ರುಕ್ಮಿಣಿಬಾಯಿ ನನ್ನ ಕಡೆ ವಾಲಿದರು. “ಹೆಂಡತಿದಂದ್ರ ಹಿಂಗ ಹೊಲಿತೀರಿ ನೋಡ್ರಿ. ನನ್ನದೂ ಹಿಂಗ ಮಾಡಿ ಕೊಡ್ರಿ. ಖರೇ ಹೇಳ್ರಿ, ಯಾವಾಗ ಕೊಡ್ತೀರಿ?”

ತಾರೀಖು ನಾಲಿಗೆಯ ತುದಿಗೇ ಬಂದಿತ್ತು. ಇಪ್ಪತ್ತೈದು ವರ್ಷದ ಅಭ್ಯಾಸ, ಸುಮ್ಮನೆ ಹೋಗುತ್ತದೆಯೇ? ಮಹಾದೇವಿ ವೇದಿಕೆಯ ಮೇಲಿಂದ ನಮ್ಮ ಕಡೆಯೇ ನೋಡುತ್ತಿದ್ದಳು.

“ಆ ಹೊಲಿಗಿ ನಂದಲ್ರಿ ಬಾಯಿ” ಎಂದೆ. “ಸ್ಟೇಷನ್ ದಾಟಿ ವೆಸ್ಟಿಗೆ ಹೋಗ್ರಿ, ದೇವಾನಂದ ಅಂತ ಇದ್ದಾನ. ನಿಮ್ಮ ಬಟ್ಟಿ ನಾಳೆ ಮುಂಜಾನೆ ಬಂದು ಒಯ್ರಿ. ಲಗೂನ ಹೋದ್ರ ಮಾತ್ರ ತಗೋತಾನ, ಆರರ ಮ್ಯಾಲೆ ಒಂದೂ ಮುಟ್ಟಂಗಿಲ್ಲ.”