ಹೊಂದದ ಸಹಿ

ನಾನು ಬೀನ್ಸ್ ನಾರು ತೆಗೆಯುತ್ತಿದ್ದೆ. ಪಕ್ಕದ ಮನೆಯ ಓಡೆಲ್ ಒಳಗೆ ಬಂದ.

"ವರ್ನಕ್ಕಾ, ಮೇಯರ್ ಚುನಾವಣೆ ಎಣಿಕೇಲಿ ನಮ್ಮ ಡೆಲೋರಿಸ್ ಬರೀ ಒಂಬತ್ತು ಓಟು ಹಿಂದೆ! ಅವಳು ಸೋತ್ರೆ ಲೈಬ್ರರೀಲಿ ನೀನು ಅಕ್ಷರ ಕಲಿತ ರಾತ್ರಿ ಕ್ಲಾಸಿಗೆ ಬೀಗಾನೇ. ಆ ಕಾಗದ ಇನ್ನೂ ಫ್ರಿಜ್ ಮೇಲೇ ಇದ್ಯಲ್ಲ?"

ಅಂಚೆಯಲ್ಲಿ ಕಳಿಸಿದ್ದ ನನ್ನ ಓಟನ್ನು ಚುನಾವಣಾ ಕಚೇರಿಯವರು ಎಣಿಸದೆ ಇಟ್ಟಿದ್ದರು. ಸಹಿ ನಮ್ಮ ದಾಖಲೆಯಲ್ಲಿರುವ ಹಳೆಯದಕ್ಕೆ ಹೊಂದುತ್ತಿಲ್ಲ, ನಿಮ್ಮದೇ ಎಂದು ಬರೆದು ಸಹಿ ಹಾಕಿ ಕಳಿಸಿ ಎಂದು ಆ ಕಾಗದದಲ್ಲಿ ಕೇಳಿದ್ದರು. ಹಳೆಯದು ನನಗೆ ಅಕ್ಷರ ಬಾರದ ಕಾಲದ ಗೀಚು. ಅದನ್ನು ನೆನೆದು ನಾಚಿಕೆಯಿಂದ ಎಂಟು ದಿನ ಸುಮ್ಮನಿದ್ದೆ.

"ಹಳೇ ಗೀಚೇ ಹಾಕ್ಬಿಡು."

"ಹೋಗೋ, ಅದು ಹೆದರ್ಕೊಂಡಿದ್ದವಳ ಕೈ."

ಕೈ ಒರೆಸಿಕೊಂಡು ಆ ಕಾಗದಕ್ಕೆ ದುಂಡಗೆ ಸಹಿ ಹಾಕಿದೆ. ಕೆಳಗೆ, "ಎರಡೂ ನನ್ನವೇ. ನಡುವೆ ಬರೆಯಲು ಕಲಿತೆ" ಎಂದು ಸೇರಿಸಿದೆ. ಮೂಲೆಯ ಅಂಚೆಪೆಟ್ಟಿಗೆಗೆ ನಾನೇ ಹೋಗಿ ಹಾಕಿದೆ.