ಒಲೆ ನೇರದ ಕಾಯಿಗಳು

ಗುಬ್ಬಿಯ ರಂಗಮ್ಮನ ಮನೆಯ ಅಟ್ಟ ಹತ್ತುವ ಮೊದಲು ಅಖ್ತರ್ ಬಾನು ಪ್ರತಿ ಸಲವೂ ಏಣಿಯನ್ನು ಹಿಡಿದು ಅಲ್ಲಾಡಿಸಿ ನೋಡುತ್ತಿದ್ದಳು. ಅದು ಗಟ್ಟಿಯಾಗಿದೆ ಎಂದು ಗೊತ್ತಿದ್ದರೂ ನೋಡುತ್ತಿದ್ದಳು. ಕೆಳಗೆ ನಿಂತ ರಂಗಮ್ಮ ಪ್ರತಿ ಸಲವೂ ನಗುತ್ತಿದ್ದಳು.

"ಹತ್ತಿ ಬಾನಮ್ಮೋರೆ, ನಮ್ಮತ್ತೆ ಕಾಲದ ಏಣಿ. ಆನೆ ಹತ್ತಿದ್ರೂ ಮುರಿಯಾಕಿಲ್ಲ."

"ಆನೆ ಹತ್ತಿ ಇಳಿದುಹೋದ ಮೇಲೆ ನಾನು ಹತ್ತುವಾಗ ಮುರಿಯುತ್ತೆ ರಂಗಮ್ಮ. ನನ್ನ ಹಣೇಬರಹ ಹಂಗೇ ಇರೋದು."

ಅದು ತಮಾಷೆಯ ಮಾತೇ ಆದರೂ ಅಖ್ತರ್ ಅದನ್ನು ಪೂರ್ತಿ ತಮಾಷೆಗೆ ಆಡುತ್ತಿರಲಿಲ್ಲ. ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಅವಳು ಗಣಿತದ ತಾತ್ಕಾಲಿಕ ಉಪನ್ಯಾಸಕಿ. ಪ್ರತಿ ಬೇಸಿಗೆಯಲ್ಲೂ ಆ ಕೆಲಸ ಮುಗಿಯುತ್ತಿತ್ತು. ಪ್ರತಿ ಮಳೆಗಾಲದಲ್ಲೂ ಆಡಳಿತ ಮಂಡಳಿಯವರ ಮುಂದೆ ನಿಂತು ಮತ್ತೆ ಪಡೆಯಬೇಕಾಗಿತ್ತು. ಪಿಎಚ್.ಡಿ. ಆದರೆ ಕಾಯಂ ಮಾಡುತ್ತೇವೆ ಎಂದು ಅವರು ಹೇಳಿದ್ದರು. ಅದಕ್ಕಾಗಿಯೇ ಅವಳು ಪ್ರೊಫೆಸರ್ ವೀರಭದ್ರಯ್ಯನವರ ಕೈಕೆಳಗೆ ಹೆಸರು ನೋಂದಾಯಿಸಿಕೊಂಡಿದ್ದಳು. ಅದಕ್ಕಾಗಿಯೇ ತಿಂಗಳಿಗೊಮ್ಮೆ ತೂಕದ ಸ್ಪ್ರಿಂಗ್ ತಕ್ಕಡಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಗುಬ್ಬಿಯ ಬಸ್ಸು ಹತ್ತುತ್ತಿದ್ದಳು. ಮನೆಯಲ್ಲಿ ತಾಯಿ ಮಸ್ತಾನ್ ಬೀ, ಬಂದ ಸಂಬಂಧಗಳನ್ನೆಲ್ಲ "ಹುಡುಗಿ ಇನ್ನೂ ಓದ್ತಾ ಇದಾಳೆ" ಎಂದು ವಾಪಸು ಕಳಿಸುತ್ತಿದ್ದಳು. ಹಾಗೆ ಹೇಳುವಾಗ ಅವಳ ದನಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿತ್ತು.

ಸಂಶೋಧನೆ ಉಂಡೆ ಕೊಬ್ಬರಿಯದು. ಆ ಕಡೆಯವರು ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಹಾಗೆಯೇ ಅಟ್ಟಕ್ಕೆ ಹಾಕುತ್ತಾರೆ. ಕೆಳಗೆ ಒಲೆ ಉರಿಯುತ್ತದೆ. ಆ ಹೊಗೆಯಲ್ಲಿ, ಆ ಬಿಸುಪಿನಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಮಲಗಿದ ಕಾಯಿಯ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಒಳಗೇ ಗುಂಡಾಗಿ ಉರುಳಾಡುತ್ತದೆ. ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಈ ಒಂದು ವರ್ಷವನ್ನು ಒಂದೆರಡು ತಿಂಗಳಿಗೆ ಇಳಿಸಲು ಸಾಧ್ಯವೇ ಎಂಬುದು ವೀರಭದ್ರಯ್ಯನವರ ಪ್ರಶ್ನೆ. ಕಾಯಿಯನ್ನು ಈರುಳ್ಳಿಯ ಹಾಗೆ ಪದರ ಪದರವಾಗಿ ಭಾವಿಸಿಕೊಂಡು, ಒಂದೊಂದು ಪದರದ ತೇವ ನಾಳೆಗೆ ಎಷ್ಟಾಗುತ್ತದೆ, ನಾಡಿದ್ದಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಬೇಕು. ಸಮೀಕರಣ ಹಳೆಯದು, ಪುಸ್ತಕದಲ್ಲಿರುವುದು. ಎಷ್ಟು ಶಾಖಕ್ಕೆ ತೇವ ಎಷ್ಟು ಬೇಗ ಹೊರಗೆ ಬರುತ್ತದೆ ಎಂಬ ಸಂಖ್ಯೆ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ನಿಜವಾದ ಅಟ್ಟದ ನಿಜವಾದ ಕಾಯಿಗಳ ತೂಕದಿಂದಲೇ ಹಿಂಡಿ ತೆಗೆಯಬೇಕಿತ್ತು.

ಹಾಗಾಗಿ ಅಖ್ತರ್ ರಂಗಮ್ಮನ ಅಟ್ಟದಲ್ಲಿ ಒಂದಷ್ಟು ಕಾಯಿಗಳಿಗೆ ಕೆಂಪು ಬಣ್ಣದಲ್ಲಿ ಅಂಕಿ ಬರೆದಿದ್ದಳು. ಕೆಲವು ಒಲೆಯ ನೇರಕ್ಕೆ, ಕೆಲವು ಮೂಲೆಯ ತಂಪಿನಲ್ಲಿ. ಪ್ರತಿ ತಿಂಗಳು ಅವನ್ನು ತೂಗಿ, ರಂಗಮ್ಮ ಕೊಟ್ಟ ಕಾಫಿ ಕುಡಿದು, ಸಂಜೆಯೊಳಗೆ ತುಮಕೂರು ಸೇರುತ್ತಿದ್ದಳು. ಆಮೇಲೆ ಬೆಂಗಳೂರು. ಅಲ್ಲಿನ ಕಂಪ್ಯೂಟರ್ ಕೇಂದ್ರದ ಕಿಟಕಿಯಲ್ಲಿ ಲೆಕ್ಕವನ್ನು ತೂತುಗಳಾಗಿ ಹೊಡೆದ ಕಾರ್ಡುಗಳ ಕಟ್ಟನ್ನು ಕೊಟ್ಟು, ಮುಂದಿನ ವಾರ ಹೋಗಿ ಉತ್ತರ ತರುವುದು. ಒಂದು ಕಾರ್ಡಿನಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ಆ ವಾರವಿಡೀ ದಂಡ. ಬಸ್ಸಿನಲ್ಲಿ ಯಾರಾದರೂ ಪಕ್ಕಕ್ಕೆ ಒದ್ದೆ ಕೊಡೆ ಇಟ್ಟರೆ ಅಖ್ತರ್ ಕಾರ್ಡುಗಳ ಡಬ್ಬಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಎತ್ತಿಕೊಳ್ಳುತ್ತಿದ್ದಳು.

ಎರಡನೇ ವರ್ಷಕ್ಕೆ ಉತ್ತರ ಬಂತು. ಲೆಕ್ಕದ ಗೆರೆ ತೂಕದ ಚುಕ್ಕೆಗಳ ಮೇಲೆ ಚೆನ್ನಾಗಿಯೇ ಕೂತಿತು. ಒಲೆಯ ನೇರಕ್ಕಿದ್ದ ಕಾಯಿಗಳು ಬೇಗ ಒಣಗಿದ್ದವು. ಅವುಗಳಲ್ಲಿ ಒಂದೂ ಕೊಳೆತಿರಲಿಲ್ಲ. ವೀರಭದ್ರಯ್ಯನವರು ಮೇಜು ಗುದ್ದಿದರು.

"ನೋಡ್ರೀ ಅಖ್ತರ್! ಅಡುಗೆ ಮಾಡೋ ಹೊತ್ತಲ್ಲಿ ಮಾತ್ರ ಸಿಗೋ ಶಾಖಾನ ಹಗಲೂ ರಾತ್ರಿ ಕೊಟ್ರೆ ಆರೇ ವಾರ. ಕುಣಿಗಲ್ ತೆಂಗು ಬೆಳೆಗಾರರ ಸೊಸೈಟಿಯವರು ಕಾಯಿ ಒಣಗಿಸೋ ಡ್ರೈಯರ್ ಕಟ್ಟೋಕೆ ತಯಾರಿದಾರೆ. ಪೇಪರ್ ಬರೆಯೋಣ, ನಿಮ್ಮ ಥೀಸಿಸ್ಸೂ ಆಯ್ತು."

"ಸರ್, ಮೂರು ನಾಲ್ಕು ಚುಕ್ಕೆ ಗೆರೆಯಿಂದ ಮೇಲಕ್ಕೆ ಹಾರಿವೆ. ಒಂದು ತಿಂಗಳಿಂದ ಇನ್ನೊಂದು ತಿಂಗಳಿಗೆ ತೂಕ ಜಾಸ್ತಿ ಆಗಿದೆ. ಒಣಗೋ ಕಾಯಿ ಹೆಂಗೆ ತೂಕ ಏರುತ್ತೆ?"

"ನಿಮ್ಮ ತಕ್ಕಡಿ ಹಳೇದು. ಅಳತೆ ದೋಷ. ತೆಗೆದು ಸರಾಸರಿ ಹಾಕಿ."

ತಕ್ಕಡಿ ಅಖ್ತರ್‌ಳ ತಂದೆ ಇಸಾಕ್ ಸಾಬರದು. ಮಂಡಿಪೇಟೆಯಲ್ಲಿ ತಕ್ಕಡಿ ರಿಪೇರಿಯ ಪುಟ್ಟ ಅಂಗಡಿ ಅವರದು. ಕೆಲವು ವಾರ ಕಳೆದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವಳು ಮಾತಿನ ನಡುವೆ ಪ್ರೊಫೆಸರರು ತಕ್ಕಡಿಯ ಬಗ್ಗೆ ಅಂದದ್ದನ್ನು ಹೇಳಿದಳು. ಇಸಾಕ್ ಸಾಬರು ಕೈ ತೊಳೆದು, ತಕ್ಕಡಿಯನ್ನು ಅಂಗಡಿಗೆ ಒಯ್ದರು. ಬೆಳಿಗ್ಗೆ ಅವಳ ಮುಂದೆ ತಂದಿಟ್ಟರು.

"ಇದು ಸುಳ್ಳು ಹೇಳೋದಿಲ್ಲ ಬೇಟಿ. ಬೇರೆ ಯಾರನ್ನಾದ್ರೂ ಕೇಳು."

ಅವರಿಗೆ ಬೇಸರವಾಗಿತ್ತು ಅಷ್ಟೇ. ಬುದ್ಧಿ ಹೇಳುವ ಉದ್ದೇಶವೇನೂ ಇರಲಿಲ್ಲ. ಆದರೆ ಆ ಮಾತು ಅಖ್ತರ್‌ಳ ತಲೆಯಲ್ಲಿ ಕೂತುಬಿಟ್ಟಿತು. ತಕ್ಕಡಿ ಸರಿ ಎಂದರೆ ಕಾಯಿ ತಪ್ಪು. ತೂಕ ಏರಿದ ಆ ಕಾಯಿಗಳೆಲ್ಲ ಒಲೆಯ ನೇರದವೇ ಎಂಬುದನ್ನು ಅವಳು ಆಗ ಗಮನಿಸಿದಳು. ತಿಂಗಳು ತುಂಬುವವರೆಗೆ ಕಾಯಲಾರದೆ ಮರುದಿನವೇ ಗುಬ್ಬಿಗೆ ಹೋದಳು.

ರಂಗಮ್ಮ ಹಿತ್ತಲಲ್ಲಿದ್ದಳು. ಅಖ್ತರ್ ಈ ಸಲ ಏಣಿ ಅಲ್ಲಾಡಿಸಲಿಲ್ಲ. ಒಲೆಯ ನೇರದ ಕಾಯೊಂದನ್ನು ಎತ್ತಿಕೊಂಡು ಅಂಕಿಯ ಮೇಲೆ ಹೆಬ್ಬೆರಳು ಒತ್ತಿ ಎಳೆದಳು. ಬೆರಳು ಕೆಂಪಾಯಿತು. ಅವಳು ಬಳಿದಿದ್ದ ಬಣ್ಣ ಹೀಗೆ ಹತ್ತುವಂಥದ್ದಲ್ಲ. ಮೂಸಿದಳು. ಎಣ್ಣೆಯಲ್ಲಿ ಕಲಸಿದ ಕುಂಕುಮ. ಪಕ್ಕದ್ದನ್ನು ಉಜ್ಜಿದಳು, ಅದೂ ಹತ್ತಿತು. ಮೂಲೆಯ ಕಾಯಿಗಳನ್ನು ಎಷ್ಟು ಉಜ್ಜಿದರೂ ಬಣ್ಣ ಅಲುಗಲಿಲ್ಲ.

"ಅಯ್ಯೋ, ಹೇಳ್ದೇ ಕೇಳ್ದೇ ಬಂದ್ಬುಟ್ರಲ್ಲ!" ರಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೆಳಗೆ ನಿಂತಿದ್ದಳು. ಅಖ್ತರ್ ತನ್ನ ಕೆಂಪು ಬೆರಳನ್ನು ತೋರಿಸಿದಳು. ರಂಗಮ್ಮ ಸಿಕ್ಕಿಬಿದ್ದ ಮಗುವಿನ ಹಾಗೆ ನಾಲಗೆ ಕಚ್ಚಿಕೊಂಡಳು.

"ಬಯ್ಬ್ಯಾಡಿ ಕಣವ್ವ. ಒಲೆ ಮ್ಯಾಲಿನವು ಒಂದೊಂದು ನೀರು ಬುಟ್ಕೊಂಡು ನಾತ ಹೊಡೀತಿದ್ವು. ನೀವು ಬರೋ ಹೊತ್ಗೆ ತೆಗ್ದು, ಅಷ್ಟೇ ಗಾತ್ರದ್ದು ಒಂದ್ ಒಳ್ಳೇದು ಇಟ್ಬುಡ್ತಿದ್ದೆ. ನಿಮ್ಮಂಗೇ ನಂಬರ್ರೂ ಬರೀತಿದ್ದೆ."

"ಯಾಕೆ ರಂಗಮ್ಮ? ಇರೋದು ಇದ್ದ ಹಾಗೇ ಇರಬೇಕು ಅಂತ ಹೇಳಿದ್ನಲ್ಲ?"

"ಮನೆಗೆ ಬಂದ ಹೆಣ್ಮಗಳ ಕೈಗೆ ಕೊಳ್ತೋದ ಕಾಯಿ ಕೊಡಕ್ಕಾಯ್ತದಾ? ಅದೂ ಇನ್ನೂ ಮದ್ವೆ ಆಗ್ಬೇಕಾದೋರು ನೀವು. ನಿಮ್ಮಲ್ಲಿ ಹೆಂಗೋ ನಂಗೊತ್ತಿಲ್ಲ. ನನ್ ಕೈಯಿಂದ ಅಂಥದ್ದು ಮಾಡಾಕಾಗಕಿಲ್ಲ."

ಅಖ್ತರ್ ಏಣಿಯ ಮೆಟ್ಟಿಲ ಮೇಲೆ ಕೂತಳು. ಇಷ್ಟು ದಿನ ಯಾರೂ ಅವಳಿಗೆ ಕೇಡು ಬಯಸಿರಲಿಲ್ಲ. ಅವಳ ಮದುವೆ ನಿರ್ವಿಘ್ನವಾಗಿ ಆಗಲೆಂದು ಬಯಸಿದ ಒಬ್ಬ ಹೆಂಗಸು, ಕೊಳೆತದ್ದನ್ನೆಲ್ಲ ಕಣ್ಣಿಗೆ ಬೀಳದ ಹಾಗೆ ಎತ್ತಿ ಹಿತ್ತಲಿಗೆ ಎಸೆದಿದ್ದಳು. ಬದಲಿಗೆ ಬಂದ ಕಾಯಿ ಅಷ್ಟು ಒಣಗಿರದಿದ್ದಾಗ ತೂಕ ಏರಿತ್ತು. ಉಳಿದ ಒಳ್ಳೆಯ ಕಾಯಿಗಳನ್ನು ಮಾತ್ರ ನೋಡಿ ಬೆಂಗಳೂರಿನ ಯಂತ್ರ, ಶಾಖ ಹೆಚ್ಚಿದರೆ ಕಾಯಿ ಕೆಡುವುದಿಲ್ಲ ಎಂದು ಹೇಳಿತ್ತು.

"ಎಷ್ಟು ಕೊಳೆತಿದ್ವು ರಂಗಮ್ಮ?"

"ಯಾರ್ ಎಣಿಸ್ಕೊಂಡವ್ರೆ? ಒಲೆ ನೇರಕ್ಕಿದ್ದೋವು ಅರ್ಧಕ್ಕರ್ಧ ಹೋಗಿರ್ಬೋದು. ನಾವು ಅಲ್ಲಿಗೆ ಕಾಯಿ ಹಾಕೋದೇ ಇಲ್ಲ, ನೀವು ಇಡಿ ಅಂದ್ರಿ ಅಂತ ಇಟ್ಟೆ."

ವಾಪಸು ಬರುವ ಬಸ್ಸಿನಲ್ಲಿ ಅಖ್ತರ್ ಎರಡು ದಾರಿಗಳನ್ನೂ ಮನಸ್ಸಿನಲ್ಲಿ ನಡೆದು ನೋಡಿದಳು. ಹೇಳಿದರೆ ಎರಡು ವರ್ಷ ಹೋಯಿತು. ಹೊಸ ಅಟ್ಟ, ಹೊಸ ಕಾಯಿ, ಮತ್ತೆ ಒಂದು ವರ್ಷ ಕಾಯುವುದು, ಅಷ್ಟರೊಳಗೆ ಕಾಲೇಜಿನಲ್ಲಿ ಬೇರೆ ಯಾರೋ ಕಾಯಂ. ಹೇಳದಿದ್ದರೆ ಕುಣಿಗಲ್ಲಿನಲ್ಲಿ ಡ್ರೈಯರ್ ಏಳುತ್ತದೆ. ಗುಬ್ಬಿಯ ಕೊಳೆತ ಕಾಯಿಗಳು ಹಿತ್ತಲಿನಲ್ಲಿ ಮುಚ್ಚಿಹೋದವು, ಕುಣಿಗಲ್ಲಿನವು ಮುಚ್ಚಿಹೋಗುವುದಿಲ್ಲ. ಬಸ್ಸು ತುಮಕೂರು ಸೇರುವಷ್ಟರಲ್ಲಿ ಅವಳಿಗೆ ತಾನು ಹೇಳುತ್ತೇನೆ ಎಂದು ಗೊತ್ತಾಗಿತ್ತು. ಧೈರ್ಯದಿಂದಲ್ಲ. ಹೇಳದೆ ಇದ್ದು ಜೀವನವಿಡೀ ಬಾಗಿಲ ಸದ್ದಿಗೆ ಬೆಚ್ಚುವುದು ಅವಳ ಕೈಯಲ್ಲಿ ಆಗುವಂತಿರಲಿಲ್ಲ.

ವೀರಭದ್ರಯ್ಯನವರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

"ಯಾವುದೋ ಹಳ್ಳಿ ಹೆಂಗಸು ಏನೋ ಹೇಳಿದ್ಲು ಅಂತ ಲೆಕ್ಕ ಬಿಸಾಕೋಕಾಗುತ್ತೇನ್ರೀ? ಆನ್ಸರ್ ಒಂದು ಕಡೆ ನಿಂತು ಕನ್ವರ್ಜ್ ಆಗಿದೆಯೋ ಇಲ್ವೋ?"

"ಆಗಿದೆ ಸರ್. ತಪ್ಪಿನ ಹತ್ತಿರಕ್ಕೆ ಹೋಗಿ ನಿಂತಿದೆ. ನಾವು ಏನು ಕೊಟ್ವೋ ಅದಕ್ಕೆ ಅದು ಸರಿಯಾಗೇ ಉತ್ತರ ಹೇಳಿದೆ."

"ಪೇಪರ್ ಕಳಿಸಿ ಆಯ್ತು. ಸೊಸೈಟಿಯವರು ಶೆಡ್ಡಿಗೆ ಗುಂಡಿ ತೋಡಿದಾರೆ. ಈಗ ಹೋಗಿ ಕುಂಕುಮದ ಕತೆ ಹೇಳ್ಲಾ?"

"ಹಾಗಾದ್ರೆ ನನ್ನ ಹೆಸರು ಅದರಲ್ಲಿ ಬೇಡ ಸರ್."

ಅವರು ತಕ್ಷಣ ಒಪ್ಪಿಕೊಂಡರು. ಅಷ್ಟು ಬೇಗ ಒಪ್ಪಿಕೊಳ್ಳುತ್ತಾರೆ ಎಂದು ಅವಳು ಅಂದುಕೊಂಡಿರಲಿಲ್ಲ.

ಲೇಖನ ವೀರಭದ್ರಯ್ಯನವರ ಹೆಸರಿನಲ್ಲೇ ಅಚ್ಚಾಯಿತು. ಅಖ್ತರ್‌ಳ ನೋಂದಣಿ 'ಪ್ರಗತಿ ಇಲ್ಲ' ಎಂದು ರದ್ದಾಯಿತು. ಸೊಸೈಟಿಗೆ ಅವಳು ಕೈಬರಹದಲ್ಲೇ ಒಂದು ಎಚ್ಚರಿಕೆಯ ಕಾಗದ ಬರೆದು ಹಾಕಿದ್ದಳು. ಯಾರೂ ಉತ್ತರ ಬರೆಯಲಿಲ್ಲ. ಮುಂದಿನ ಮಳೆಗಾಲದಲ್ಲಿ ಕಾಲೇಜಿನವರು ಅವಳನ್ನು ಅರ್ಧ ಕೆಲಸಕ್ಕೆ ಮಾತ್ರ ತೆಗೆದುಕೊಂಡರು. ಕುಣಿಗಲ್ಲಿನ ಡ್ರೈಯರ್ ಉದ್ಘಾಟನೆಯಾದಾಗ ವೀರಭದ್ರಯ್ಯನವರ ಕೊರಳಲ್ಲಿದ್ದ ಗಂಧದ ಹಾರವನ್ನು ಅವಳು ಪತ್ರಿಕೆಯಲ್ಲಿ ನೋಡಿದಳು.

ಆರು ವಾರ ಆಗುವುದರೊಳಗೆ ಸೊಸೈಟಿಯ ಶೆಡ್ಡಿನ ಹತ್ತಿರ ಜನ ಮೂಗು ಮುಚ್ಚಿಕೊಂಡು ಓಡಾಡುವಂತಾಯಿತು. ಒಡೆದ ಕಾಯಿಗಳಲ್ಲಿ ಕೊಬ್ಬರಿಯ ಬದಲು ಹಳದಿ ಲೋಳೆ. ಆ ಕಾಯಿ ಹಾಕಿದ್ದ ರೈತರು ಶೆಡ್ಡಿನ ಬಾಗಿಲು ಮುರಿದರು. ವಿಚಾರಣೆ ಶುರುವಾಯಿತು. ಆಗ ವೀರಭದ್ರಯ್ಯನವರು ಕೊಟ್ಟ ಹೇಳಿಕೆಯಲ್ಲಿ ಅಖ್ತರ್ ಬಾನುವಿನ ಹೆಸರು ಮೊದಲ ಬಾರಿಗೆ ಪೂರ್ತಿಯಾಗಿ, ಸ್ಪಷ್ಟವಾಗಿ ಬಂತು. ಅಳತೆ ಮತ್ತು ಗಣನೆ ಎಲ್ಲವನ್ನೂ ಮಾಡಿದವಳು ಅವಳೇ. ತಾನು ಅವಳನ್ನು ನಂಬಿದ್ದು ತಪ್ಪಾಯಿತು ಎಂದಿದ್ದರು.

ವಿಚಾರಣೆಗೆ ಬಂದ ಅಧಿಕಾರಿ ಅವಳಿಗೆ ಒಂದು ಅವಕಾಶ ಕೊಟ್ಟರು. ನಿಮ್ಮ ಕಾಗದ ಬಂದೇ ಇಲ್ಲ ಎಂದು ಸೊಸೈಟಿಯವರು ಹೇಳುತ್ತಾರೆ. ಕಾಯಿ ಬದಲಾದದ್ದು ನಿಜ, ಅದನ್ನು ನೀವು ಮೊದಲೇ ತಿಳಿಸಿದ್ದು ನಿಜ ಎಂದಾದರೆ, ಆ ಮನೆಯವರಿಂದ ಒಂದು ಮಾತು ಹೇಳಿಸಿ. ಅಷ್ಟು ಸಾಕು.

ಅಖ್ತರ್ ಮತ್ತೆ ಗುಬ್ಬಿಗೆ ಹೋದಳು. ರಂಗಮ್ಮ ಜಗುಲಿಯ ಮೇಲೆ ಚಾಪೆ ಹಾಸಿದಳು, ಕಾಫಿ ಕೊಟ್ಟಳು. ವಿಷಯ ಕೇಳಿ ಬಾಗಿಲ ಕಡೆ ನೋಡಿದಳು. ಅವಳ ಗಂಡ ಚಿಕ್ಕರಂಗಯ್ಯ ಒಳಗಿನಿಂದಲೇ ಮಾತಾಡಿದ.

"ಅಧಿಕಾರಿಗಳು ನಿನ್ನೇನೇ ಬಂದಿದ್ರು ಮೇಡಮ್ಮೋರೆ. ನಾವು ಯಾವ್ದೂ ಬದ್ಲಾಯ್ಸಿಲ್ಲ ಅಂತ ಹೇಳಿ ಕಳ್ಸೀವಿ."

ಅಖ್ತರ್ ರಂಗಮ್ಮನ ಮುಖ ನೋಡಿದಳು. "ನೀವೇ ಹೇಳಿದ್ರಲ್ಲ ರಂಗಮ್ಮ, ನನ್ನ ಬೆರಳು ಕೆಂಪಾಗಿತ್ತಲ್ಲ."

"ನಾನೇ ಹೇಳ್ದೆ ಕಣವ್ವ. ಇಲ್ಲ ಅನ್ನಾಕಿಲ್ಲ." ರಂಗಮ್ಮನ ದನಿ ಇಳಿಯಿತು. "ನಮ್ಮಟ್ಟದಲ್ಲಿ ಕಾಯಿ ಕೊಳೀತವೆ, ಬದ್ಲಾಯ್ಸಿ ಇಡ್ತೀವಿ ಅಂತ ಸರ್ಕಾರದೋರ ಮುಂದೆ ಹೇಳ್ಬುಟ್ರೆ ಮಂಡಿಯೋರು ನಮ್ ಕೊಬ್ರಿ ಮುಟ್ತಾರಾ? ಅವ್ರಿಗೆ ಕಾಯಿ ನೋಡೋ ಮೊದ್ಲು ಮನೆ ಹೆಸ್ರೇ ಬೇಕು."

"ನನಗೂ ಹೆಸರು ಬೇಕಲ್ಲ ರಂಗಮ್ಮ."

"ನೀವು ಓದಿರೋರು. ಹೆಂಗಾದ್ರೂ ಆಯ್ತದೆ."

ಅಖ್ತರ್ ಕಾಫಿ ಲೋಟ ಕೆಳಗಿಟ್ಟಳು. ಎದ್ದಳು. "ಇರಿ, ಬರಿಗೈಲಿ ಹೋಗ್ಬ್ಯಾಡಿ" ಎಂದು ರಂಗಮ್ಮ ಸರಸರನೆ ಅಟ್ಟ ಹತ್ತಿದಳು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು, ಇಟ್ಟಳು. ಇನ್ನೊಂದು ಎತ್ತಿದಳು, ಅದನ್ನೂ ಇಟ್ಟಳು. ಕೊನೆಗೆ ಮೂಲೆಯಿಂದ ಒಂದನ್ನು ಆರಿಸಿ, ಕೆಳಗಿಳಿದು, ಸುಲಿದು, ಎರಡೂ ಕೈಯಲ್ಲಿ ಹಿಡಿದು ಅಖ್ತರ್‌ಳ ಸೆರಗಿಗೆ ಹಾಕಿದಳು. ರಂಗಮ್ಮನ ಕಣ್ಣಲ್ಲಿ ನೀರಿತ್ತು. ಅದೂ ನಿಜವಾದ ನೀರೇ.

ಬಸ್ಸಿನಲ್ಲಿ ಅಖ್ತರ್ ದಾರಿಯುದ್ದಕ್ಕೂ ಆ ಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಕಾರ್ಡುಗಳ ಡಬ್ಬಿ ಇರುತ್ತಿದ್ದ ಜಾಗ. ಅದು ಕೆಟ್ಟಿರಲಿ, ಮನೆಗೆ ಹೋಗಿ ಒಡೆದಾಗ ನಾರಲಿ, ಒಂದೇ ಒಂದು ಕೊಳೆತ ಕಾಯಿ ತನ್ನ ಕೈಗೂ ಸಿಗಲಿ ಎಂದು ಅವಳು ಬಯಸಿದಳು.

ಮನೆಯಲ್ಲಿ ಮಸ್ತಾನ್ ಬೀ ಬಾಗಿಲು ತೆಗೆದಳು. ಕಾಯಿಯನ್ನು ತೆಗೆದುಕೊಂಡು ಹಿತ್ತಲ ಕಲ್ಲಿಗೆ ಕುಟ್ಟಿದಳು. ಚಿಪ್ಪು ಬಿರಿದು ಕೊಬ್ಬರಿ ಇಡಿಯಾಗಿ, ಗುಂಡಾಗಿ ಹೊರಗುರುಳಿತು.

"ಎಂಥ ಒಳ್ಳೇ ಕೊಬ್ರಿ ಕೊಟ್ಟವ್ಳೆ ನೋಡು, ಒಂದು ಕಲೆ ಇಲ್ಲ," ಎಂದು ತಾಯಿ ಒಂದು ಚೂರು ಮುರಿದು ಅವಳ ಬಾಯಿಗಿಟ್ಟಳು. "ಒಳ್ಳೇ ಹೆಂಗಸು."

ಅಖ್ತರ್ ಅಗಿದಳು. ಸಿಹಿಯಾಗಿತ್ತು. ನುಂಗಲು ಮಾತ್ರ ಬಹಳ ಹೊತ್ತು ಹಿಡಿಯಿತು.