ವರ್ಲಿನ್ ಜೋಡಿಸಿದ ತಂತಿ

ರೋಂಡಾ ಕೀಲಿಯನ್ನು ಮತ್ತೊಮ್ಮೆ ತಿರುಗಿಸಿದಳು. ಟಕ್ ಎಂದಿತು, ಅಷ್ಟೆ. ಹುಲ್ಲು ಕೊಯ್ಯುವ ಗಾಡಿ ಸ್ಮಶಾನದ ಅರ್ಧಭಾಗ ಮುಗಿಸಿ, ಅವಳ ಅಪ್ಪನಿಗೆಂದು ನಿನ್ನೆ ತೋಡಿದ್ದ ಗುಂಡಿಯ ಹತ್ತಿರ ಬಂದು ನಿಂತುಬಿಟ್ಟಿತ್ತು. ಗುಂಡಿಯ ಸುತ್ತ ಮೊಣಕಾಲೆತ್ತರದ ಹುಲ್ಲು.

"ಸಾಕು, ಇಳಿ. ಕೀಲಿ ಮುರಿದೀಯ."

ಡ್ವೇನ್ ಮಾವ ಇಗರ್ಜಿಯ ಕಡೆಯಿಂದ ಇಳಿದು ಬರುತ್ತಿದ್ದ. ಮೈಮೇಲೆ ಕಪ್ಪು ಸೂಟು. ಅವಳ ಅಮ್ಮ ಮಾರ್ಲಿಸ್‌ಳ ಒಬ್ಬನೇ ತಮ್ಮ ಅವನು. ವರ್ಷದಿಂದ ಅವರ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

"ನೀನು ಬರ್ತೀಯೋ ಇಲ್ವೋ ಅಂತ ಅಮ್ಮಂಗೆ ಅನುಮಾನ ಇತ್ತು."

"ಪೆಟ್ಟಿಗೆ ಹೊರೋಕೆ ಆರು ಜನ ಬೇಕಲ್ಲ. ಈ ಊರಲ್ಲಿ ಸೊಂಟ ನೆಟ್ಟಗಿರೋರು ಎಲ್ಲಿದ್ದಾರೆ?" ಅವನು ಹುಲ್ಲನ್ನು ಬೂಟಿನಿಂದ ತಳ್ಳಿದ. "ಇದೇನು ಹೀಗೆ ಕಾಡು ಬೆಳೆದಿದೆ? ಮುಂಚೆ ನಿಮ್ಮಪ್ಪ ವರ್ಲಿನ್ ಗೋರಿ ಕಲ್ಲಿನ ಬುಡದಲ್ಲೂ ಒಂದು ಎಳೆ ಬಿಡ್ತಿರ್ಲಿಲ್ಲ."

"ಈ ಬೇಸಿಗೇಲಿ ಒಂದು ಸಲಾನೂ ಪೂರ್ತಿ ಮುಗಿಸ್ಲಿಲ್ವಂತೆ. ಗಾಡಿ ಹತ್ತಿ ಬರೋದು, ಅರ್ಧಕ್ಕೆ ನಿಂತೋಗೋದು, ಅಪ್ಪ ನಡ್ಕೊಂಡು ವಾಪಸ್ ಹೋಗೋದು."

ಹಾಗೆ ನಡೆದು ಹೋಗುವಾಗಲೇ, ಸುಡುಬಿಸಿಲಿನಲ್ಲಿ, ಜೋಳದ ಹೊಲದ ಅಂಚಿನಲ್ಲಿ ಅವನು ಬಿದ್ದು ಪ್ರಾಣ ಬಿಟ್ಟಿದ್ದು.

"ವರ್ಲಿನ್ನು? ಗಾಡಿ ಕೆಟ್ಟಿತು ಅಂತ ನಡ್ಕೊಂಡು ಹೋಗೋನಾ?" ಡ್ವೇನ್ ಮೂಗಿನಲ್ಲೇ ನಕ್ಕ. "ಬ್ಯಾಟರಿ ಹಳೇದಾ?"

"ಹೊಸದು. ಶೆಡ್ಡಲ್ಲಿ ಇನ್ನೂ ಎರಡು ಹೊಸ ಬ್ಯಾಟರಿ ಇವೆ."

ಡ್ವೇನ್‌ನ ನಗು ನಿಂತಿತು.

* * *

ಜಿಲ್ಲೆಯ ಅರ್ಧ ಜನ ತಮ್ಮ ಗಾಡಿಗಳನ್ನು ವರ್ಲಿನ್‌ನ ಶೆಡ್ಡಿಗೇ ತರುತ್ತಿದ್ದರು. ಬ್ಯಾಟರಿ ಸತ್ತಿದೆ, ಹೊಸದು ಹಾಕು ಎಂದು ಯಾರಾದರೂ ಹೇಳಿದರೆ ಸಾಕು, ಅವನಿಗೆ ರೇಗುತ್ತಿತ್ತು. "ಬ್ಯಾಟರಿ ಅಂದ್ರೆ ಹಂಡೆ ಕಣಯ್ಯ. ಹಂಡೆ ಬದಲಾಯಿಸ್ತಾ ಕೂತ್ರೆ ಏನು ಬಂತು? ಮೊದಲು ನಲ್ಲೀಲಿ ನೀರು ಬರ್ತಿದೆಯಾ ನೋಡು." ಡ್ವೇನ್ ಕೆಲಸ ಕಲಿತದ್ದು ಆ ಬೈಗುಳದ ನೆರಳಿನಲ್ಲೇ. ಅಕ್ಕನ ಗಂಡ ಎನ್ನುವುದಕ್ಕಿಂತ ಹೆಚ್ಚಾಗಿ ಅವನು ಗುರುವಾಗಿದ್ದ. ಸಂಜೆ ಇಬ್ಬರೂ ಬಿಯರ್ ಹಿಡಿದು, ಮಗುಚಿಟ್ಟ ಡಬ್ಬಗಳ ಮೇಲೆ ಕೂತು, ಹೆಚ್ಚು ಮಾತಿಲ್ಲದೆ ಹೊತ್ತು ಕಳೆಯುತ್ತಿದ್ದರು.

ಹೋದ ವರ್ಷ ಜುಲೈಯಲ್ಲಿ, ಶೆಡ್ಡಿನ ತುಂಬ ಜನರಿದ್ದಾಗ, ವರ್ಲಿನ್ ಡ್ರಾಯರುಗಳನ್ನೆಲ್ಲ ಎಳೆದು ನೆಲಕ್ಕೆ ಸುರಿದ.

"ನನ್ನ ಕರೆಂಟ್ ಅಳೆಯೋ ಮೀಟರ್ ಎಲ್ಲಿ?"

"ಇಲ್ಲೇ ಎಲ್ಲೋ ಇರುತ್ತೆ ಬಿಡೋ," ಅಂದ ಡ್ವೇನ್.

"ನೀನೇ ತಗೊಂಡಿದ್ದೀಯ. ಮೊದ್ಲಿಂದ್ಲೂ ಅದರ ಮೇಲೆ ಕಣ್ಣು ನಿಂಗೆ. ಕಳ್ಳ ನನ್ಮಗನೆ, ನನ್ನ ಅನ್ನ ತಿಂದು ನನ್ನ ಮನೆಗೇ ಕನ್ನ ಹಾಕ್ತೀಯಾ?"

ಡ್ವೇನ್ ತಮಾಷೆಯೆಂದು ನಗಲು ಹೋದ. ವರ್ಲಿನ್ ಸ್ಪ್ಯಾನರ್ ಎತ್ತಿ ಬಾಗಿಲ ಕಡೆ ತೋರಿಸಿದ. ಡ್ವೇನ್ ತನ್ನ ಟೋಪಿ ಎತ್ತಿಕೊಂಡು ಹೊರಟವನು ಮತ್ತೆ ಆ ಶೆಡ್ಡಿನ ಕಡೆ ತಿರುಗಿ ನೋಡಲಿಲ್ಲ.

* * *

ಡ್ವೇನ್ ತನ್ನ ಟ್ರಕ್ಕನ್ನು ಗೋರಿಗಳ ನಡುವಿನ ದಾರಿಯಲ್ಲಿ ಹಿಂದಕ್ಕೆ ತಂದು, ಅದರ ಬ್ಯಾಟರಿಯಿಂದ ಕೇಬಲ್ ಹಾಕಿ ಗಾಡಿಗೆ ಜೀವ ಕೊಟ್ಟ. ಇಂಜಿನ್ ಗುಡುಗಿತು. ಕೇಬಲ್ ತೆಗೆದು, ವೇಗ ಪೂರ್ತಿ ಏರಿಸಿ, ತನ್ನ ಮೀಟರಿನ ಎರಡು ಮೊನೆಗಳನ್ನು ಬ್ಯಾಟರಿಗೆ ಮುಟ್ಟಿಸಿದ.

"ಹನ್ನೆರಡು ವೋಲ್ಟ್ ಹತ್ರ. ಹದಿಮೂರೂವರೆ, ಹದಿನಾಲ್ಕಕ್ಕೆ ಏರ್ಬೇಕಿತ್ತು. ಇಳೀತಾ ಇದೆ, ನೋಡು."

"ಅಂದ್ರೆ?"

"ಅಂದ್ರೆ ಹಂಡೆ ಸರಿಯಾಗಿದೆ, ನಲ್ಲಿ ಬರ್ತಿಲ್ಲ." ಹೇಳಿ ಮುಗಿಸಿದ ಮೇಲೆ ಅದು ಯಾರ ಮಾತೆಂದು ನೆನಪಾಗಿ ಅವನು ತುಟಿ ಕಚ್ಚಿದ.

ಫ್ಯೂಸು ಸರಿಯಿತ್ತು. ಇಂಜಿನ್ನಿನ ಕೆಳಗಿನಿಂದ ಬರುವ ತಂತಿಗಳ ಕೊಂಡಿ ಬಿಚ್ಚಿ ಮೀಟರ್ ಇಟ್ಟ. ಅಲ್ಲಿ ಕರೆಂಟು ಧಾರಾಳವಾಗಿ ಬರುತ್ತಿತ್ತು. ಹಾಗಾದರೆ ದೋಷ ದಾರಿಯಲ್ಲಿರಬೇಕು. ಇಂಜಿನ್ ಆರಿಸಿ, ಸೂಟು ಕಳಚಿ ಯಾರದೋ ಗೋರಿ ಕಲ್ಲಿಗೆ ನೇತುಹಾಕಿ, ಮಂಡಿಯೂರಿ, ತಂತಿಗಳ ಜಾಡು ಹಿಡಿದು ಒಳಗೆ ಕೈ ತೂರಿಸಿದ. ಮುಷ್ಟಿಗಾತ್ರದ ಕಪ್ಪು ಉಂಡೆಯೊಂದು ಕೈಗೆ ಸಿಕ್ಕಿತು. ಟೇಪು. ಸುತ್ತಿ ಸುತ್ತಿ, ಅದರ ಮೇಲೆ ಮತ್ತೆ ಸುತ್ತಿದ ಟೇಪು.

ಬಿಚ್ಚುತ್ತಾ ಹೋದಂತೆ ಅವನ ಬೆರಳುಗಳು ನಿಧಾನವಾದವು. ದೀಪಕ್ಕೆ ಹೋಗಬೇಕಾದ ತಂತಿ ಬ್ಯಾಟರಿಗೆ ಹೋಗಿತ್ತು. ಬ್ಯಾಟರಿಗೆ ಹೋಗಬೇಕಾದದ್ದು ದೀಪಕ್ಕೆ. ದೀಪದ ತಂತಿಯಲ್ಲಿ ಬರುವ ಕರೆಂಟಿನಿಂದ ಬ್ಯಾಟರಿ ತುಂಬುವುದಿಲ್ಲ. ಶೂಲೇಸು ಕಟ್ಟಲು ಕಲಿಯುವ ಮಗು ಹಾಕಿದ ಗಂಟಿನಂತೆ ಎರಡನ್ನೂ ತಿರುಚಲಾಗಿತ್ತು.

"ಇದನ್ನ ಯಾರು ಮುಟ್ಟಿದ್ದು, ರೋಂಡಾ?"

"ಅಪ್ಪ ಬಿಟ್ಟು ಯಾರು ಮುಟ್ತಾರೆ?"

"ನಿಮ್ಮಪ್ಪ ಬೆಸುಗೆ ಹಾಕದೆ ಒಂದು ತಂತೀನೂ ಸೇರಿಸಿದವನಲ್ಲ."

ಹಿಂದಿನಿಂದ ಹೆಜ್ಜೆಯ ಸದ್ದು. ಅವರನ್ನು ಕರೆಯಲು ಮಾರ್ಲಿಸ್ ಬಂದಿದ್ದಳು. ತಮ್ಮನ ಕೈಯಲ್ಲಿದ್ದ ತಂತಿಗಳನ್ನು ನೋಡಿದವಳೇ ಅಲ್ಲೇ ನಿಂತಳು.

"ಆ ಮೀಟರ್ ಸಿಕ್ಕಿತ್ತು," ಅಂದಳು. "ಫ್ರೀಜರಲ್ಲಿ, ಬಟಾಣಿ ಪೊಟ್ಟಣದ ಕೆಳಗೆ. ಕ್ರಿಸ್‌ಮಸ್‌ಗೆ ಮಾಂಸ ತೆಗೆಯೋಕೆ ಹೋದಾಗ."

"ಕ್ರಿಸ್‌ಮಸ್‌ಗೆ."

"ಹೂಂ."

"ಈಗ ಜೂನ್, ಮಾರ್ಲಿಸ್."

"ಹೇಳ್ಬೇಡ ಅಂದ. ಕೈ ಹಿಡ್ಕೊಂಡು ಅಂದ. ಮರೆವಿನ ಕಾಯಿಲೆ ಅಂತ ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೇ ಗೊತ್ತಿತ್ತು, ರೋಂಡಾಗೂ ಹೇಳಿರ್ಲಿಲ್ಲ. 'ಡ್ವೇನ್‌ಗೆ ಗೊತ್ತಾದ್ರೆ ದಿನಾ ಬಂದು ಕೂತು ಪಾಪ ಅಂತ ನೋಡ್ತಾನೆ. ಸಿಟ್ಟಲ್ಲೇ ಇರ್ಲಿ ಬಿಡು. ಸಿಟ್ಟಿರೋವರೆಗೂ ಅವನ ಪಾಲಿಗೆ ನಾನು ಹಳೇ ವರ್ಲಿನ್ನೇ' ಅಂದ."

ರೋಂಡಾ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಡ್ವೇನ್ ಇನ್ನೂ ಮಂಡಿಯ ಮೇಲೇ ಇದ್ದ.

"ನಾನು ಇದೇ ಊರಲ್ಲಿದ್ದೆ," ಅಂದ. "ಎರಡು ತಂತಿ. ಅದಲುಬದಲು ಮಾಡಿದ್ರೆ ಮುಗೀತಿತ್ತು. ನೀನು ಒಂದು ಮಾತು ಹೇಳಿದ್ದಿದ್ರೆ ಅವನು ಆ ಬಿಸಿಲಲ್ಲಿ ನಡ್ಕೊಂಡು ಹೋಗ್ತಿರ್ಲಿಲ್ಲ."

"ಗೊತ್ತು." ಮಾರ್ಲಿಸ್‌ಳ ದನಿ ಏರಲಿಲ್ಲ. "ಅದನ್ನ ನೀನು ಬೇರೆ ಹೇಳ್ಬೇಕಿತ್ತಾ?"

ಇಗರ್ಜಿಯ ಗಂಟೆ ಹೊಡೆಯಿತು. ಅವಳು ತಿರುಗಿ ಗೋರಿಗಳ ನಡುವೆ ಹಾದು ಹೋದಳು. ಒಂದು ಕಡೆ ಮಾತ್ರ ಕಲ್ಲಿಗೆ ಕೈಯೂರಿ ಕ್ಷಣ ನಿಂತಳು.

ಡ್ವೇನ್ ತಂತಿಗಳನ್ನು ಸರಿಯಾಗಿ ಸೇರಿಸಿದ. ಮತ್ತೆ ಕೇಬಲ್, ಮತ್ತೆ ಗುಡುಗು. ಮೀಟರಿನ ಅಂಕಿ ಹದಿನಾಲ್ಕಕ್ಕೆ ಏರಿ ನಿಂತಿತು. ಅವನು ಅದನ್ನು ನೋಡುತ್ತಾ ಕೂತೇ ಇದ್ದ.

"ಮಾವ, ಸರಿಹೋಯ್ತಾ?"

"ಸರಿಹೋಯ್ತು. ಹತ್ತು. ಗುಂಡಿ ಸುತ್ತ ಮಾತ್ರ ಕೊಯ್ದು ಬಾ. ಉಳಿದದ್ದು ನಾಳೆ ನಾನು ನೋಡ್ಕೋತೀನಿ."

ಪ್ರಾರ್ಥನೆ ಮುಗಿದು ಪೆಟ್ಟಿಗೆ ಎತ್ತುವ ಹೊತ್ತಿಗೆ ಡ್ವೇನ್ ತನ್ನ ಜಾಗಕ್ಕೆ ಬಂದು ನಿಂತಿದ್ದ. ಕೈ ತೊಳೆಯಲು ಹೊತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಮುಂದಿನವರು ತಡವರಿಸಿ ಪೆಟ್ಟಿಗೆ ವಾಲಿತು. ಅವನು ಇನ್ನೊಂದು ಕೈಯನ್ನೂ ಕೊಟ್ಟು, ಅಂಗೈ ಅಗಲಿಸಿ, ಎದೆಗೊತ್ತಿ ತಡೆದ.

ಗುಂಡಿಯ ಪಕ್ಕದಲ್ಲಿ ಇಳಿಸಿ ಹಿಂದೆ ಸರಿದಾಗ ಬಿಳಿಯ ಮರದ ಮೇಲೆ ಐದು ಬೆರಳೂ ಮೂಡಿದ್ದವು, ಕಪ್ಪಗೆ, ಗ್ರೀಸಿನಲ್ಲಿ. ಇಗರ್ಜಿಯ ಹೆಂಗಸೊಬ್ಬಳು ಒರೆಸಲೆಂದು ಕರವಸ್ತ್ರ ಹಿಡಿದು ಬಾಗಿದಳು. ಮಾರ್ಲಿಸ್ ಅವಳ ಮಣಿಕಟ್ಟು ಹಿಡಿದು ತಡೆದಳು. ಪೆಟ್ಟಿಗೆ ಪೂರ್ತಿ ಕೆಳಗಿಳಿಯುವವರೆಗೂ ಆ ಹಿಡಿತ ಬಿಡಲಿಲ್ಲ.